ಬೆಂಕಿಕಡ್ಡಿಯಷ್ಟು ಸಂದು

"ಸಂಜೆ ಆರಕ್ಕೆ ಮಾವ ಬರೋ ಹೊತ್ತಿಗೆ ಗೂಳಿಯ ಬಾನೆಟ್ ಎತ್ತಿ ನಿಲ್ಲಿಸಿರ್ತೀನಿ. ಅವರು ಬಗ್ಗಿ ನೋಡ್ತಾರೆ. ನೋಡಿ ಆ ಒಂದು ಮಾತು ಹೇಳ್ತಾರೆ. ಹೇಳದೆ ಎಲ್ಲಿಗೆ ಹೋಗ್ತಾರೆ, ನಾನೂ ನೋಡ್ತೀನಿ."

ಶನಿವಾರ ಮಧ್ಯಾಹ್ನ ಊಟ ಮುಗಿಸಿ, ಕುರ್ಚಿಯಿಂದ ಎದ್ದು, ಕೈಯಲ್ಲಿದ್ದ ಚಮಚವನ್ನು ರಾಜದಂಡದ ಹಾಗೆ ಹಿಡಿದು ಹಲ್ಲಿನ ಡಾಕ್ಟರು ಹೀಗೆ ಘೋಷಿಸಿದರು. ಕೇಳಿಸಿಕೊಳ್ಳಲು ಇದ್ದವಳು ಹೆಂಡತಿ ಒಬ್ಬಳೇ. ಅವಳು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಉತ್ತರ ಪತ್ರಿಕೆಗಳ ಕಟ್ಟಿನಿಂದ ತಲೆಯೆತ್ತದೆ, "ಚಮಚ ತೊಳೆಯೋಕೆ ಹಾಕಿ, ಆಮೇಲೆ ರಾಜ್ಯಭಾರ ಶುರು ಮಾಡಿ," ಎಂದಳು.

ಆ ಒಂದು ಮಾತು ಯಾವುದೆಂದು ಅವಳು ಕೇಳಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ. ಅದು "ಪರವಾಗಿಲ್ಲ."

ಅವಳ ಅಪ್ಪ ಐವತ್ತು ವರ್ಷ ಮೋಟಾರು ಮೆಕ್ಯಾನಿಕ್ಕಾಗಿದ್ದವರು. ಎಂಜಿನ್ನುಗಳೇ ಸಾಕಷ್ಟು ಮಾತಾಡುತ್ತವೆ, ಅವುಗಳ ಮಧ್ಯೆ ತಾನೂ ಯಾಕೆ ಬಾಯಿ ಹಾಕಬೇಕು ಎನ್ನುವ ಸ್ವಭಾವ. ಅವರ ನಿಘಂಟಿನಲ್ಲಿ ಕೆಟ್ಟ ಕೆಲಸಕ್ಕೆ ಮೌನ, ಸಾಧಾರಣ ಕೆಲಸಕ್ಕೆ "ಹೂಂ", ಲೋಕೋತ್ತರ ಕೆಲಸಕ್ಕೆ "ಪರವಾಗಿಲ್ಲ." ಅದಕ್ಕಿಂತ ಮೇಲಿನ ಮೆಟ್ಟಿಲೇ ಇಲ್ಲ. ಮಗಳು ಆ ಮೆಟ್ಟಿಲನ್ನು ಎರಡು ಸಲ ಹತ್ತಿದ್ದಳು. ಮೊದಲನೆಯದು ಒಂಬತ್ತನೆಯ ವಯಸ್ಸಿನಲ್ಲಿ, ಒಂದು ಕಾರ್ಬ್ಯುರೇಟರನ್ನು ಪೂರ್ತಿ ಬಿಚ್ಚಿ ಒಂದು ಸ್ಕ್ರೂ ಕೂಡ ಉಳಿಯದಂತೆ ಜೋಡಿಸಿದಾಗ. ಎರಡನೆಯದು ಯಾವಾಗ ಎಂದು ಕೇಳಿದರೆ ಅವಳು ಹೇಳುವುದಿಲ್ಲ, ಸುಮ್ಮನೆ ನಗುತ್ತಾಳೆ.

ಅಳಿಯನಿಗೆ ಹದಿನೆಂಟು ವರ್ಷದ ದಾಂಪತ್ಯದಲ್ಲಿ ಸಿಕ್ಕಿದ್ದು ನಾಲ್ಕೇ "ಹೂಂ". ಅದೂ ಮದುವೆಗೆ ಮುಂಚೆ ಪರಿಚಯ ಮಾಡಿಕೊಟ್ಟಾಗಿನ ಒಂದನ್ನು ಸೇರಿಸಿಕೊಂಡು. ಇನ್ನೊಂದು ಒಂಬತ್ತು ವರ್ಷದ ಹಿಂದೆ. ಮಾವ ಗ್ಯಾರೇಜು ಮುಚ್ಚಿದ ವರ್ಷವೇ ಅವರ ಮೇಲಿನ ಹಲ್ಲುಗಳೆಲ್ಲ ಹೋಗಿ, ಅಳಿಯನೇ ಕೈಯಾರೆ ಒಂದು ಸೆಟ್ಟು ಮಾಡಿಕೊಟ್ಟಿದ್ದರು. ಅದೇನು ಸಾಮಾನ್ಯ ಸೆಟ್ಟೇ? ಮಾವನ ಮುಂದಿನ ಎರಡು ಹಲ್ಲುಗಳ ನಡುವೆ ಹುಟ್ಟಿನಿಂದ ಒಂದು ಸಂದಿತ್ತು. ಆ ಸಂದನ್ನು ನಿರ್ನಾಮ ಮಾಡಿ, ನೂಲೂ ತೂರದ ಹಾಗೆ, ಕವಾಯತಿಗೆ ನಿಂತ ಸಿಪಾಯಿಗಳಂತೆ ಹಲ್ಲು ಜೋಡಿಸಿದ್ದರು. ಮಾವ ಹಾಕಿಕೊಂಡು, ಕನ್ನಡಿ ನೋಡಿ, "ಹೂಂ" ಎಂದಿದ್ದರು. ಡಾಕ್ಟರ ಎದೆಯಲ್ಲಿ ಆ "ಹೂಂ" ಇನ್ನೂ ಹುಳುಕು ಹಲ್ಲಿನ ಹಾಗೆ ಆಗಾಗ ಜುಂ ಎನ್ನುತ್ತಿತ್ತು.

ಇವತ್ತು ಅದಕ್ಕೆಲ್ಲ ಬಡ್ಡಿ ಸಮೇತ ಉತ್ತರ.

ಗೂಳಿ ಎಂದರೆ ಮಾವನ ಕಾರು. ಎರಡೇ ಬಾಗಿಲು, ಎಂಟು ಸಿಲಿಂಡರು, ಅರ್ಧ ಕಾರೇ ಮೂತಿಯಾಗಿರುವ ಹಳೆಯ ಕಾಲದ ಕಡುಹಸಿರು ಮಸಲ್ ಕಾರು. ಸ್ಟಾರ್ಟ್ ಮಾಡಿದರೆ ಅಡುಗೆಮನೆಯ ಕಪ್ಪುಗಳು ಒಂದಕ್ಕೊಂದು ಗುಟ್ಟು ಹೇಳಿಕೊಳ್ಳುತ್ತವೆ. ಗ್ಯಾರೇಜು ಮುಚ್ಚಿದ ದಿನ ಮಾವ ಗೂಳಿಯ ಬೀಗದಕೈಯನ್ನು ಮಗಳ ಮನೆಯ ಊಟದ ಮೇಜಿನ ಮೇಲಿಟ್ಟು ಹೋಗಿದ್ದರು. ಈಗ, ಈ ಶನಿವಾರದ ಮರುದಿನ, ಭಾನುವಾರ ಬೆಳಗ್ಗೆ ಊರಿನ ಹಳೆಯ ಮೆಕ್ಯಾನಿಕ್ಕುಗಳ ಸಂಘಕ್ಕೆ ಐವತ್ತು ತುಂಬುತ್ತಿತ್ತು. ಮಾವ ಅದೇ ಗೂಳಿಯಲ್ಲಿ ಬಂದಿಳಿಯಬೇಕು, ಮೊದಲ ಭಾಷಣ ಮಾಡಬೇಕು. ಜೀವಮಾನದಲ್ಲೇ ಮೊದಲ ಭಾಷಣ. ಮಗಳು ಮೂರು ಪುಟ ಬರೆದುಕೊಟ್ಟಿದ್ದಳು. ಆ ಮೂರು ಪುಟವನ್ನು ಗಟ್ಟಿಯಾಗಿ ಓದಿ ಅಭ್ಯಾಸ ಮಾಡುತ್ತ ಬಾದಾಮಿ ಕಡಿಯಲು ಹೋಗಿ ಗುರುವಾರ ಸೆಟ್ಟು ಬಿರುಕು ಬಿಟ್ಟಿತ್ತು. ಡಾಕ್ಟರು ಬಿರುಕಿಗೆ ಬೆಸುಗೆ ಹಾಕಿ, ಕೊನೆಯ ಪಾಲಿಷನ್ನು ಮನೆಯಲ್ಲೇ ಮಾಡೋಣವೆಂದು ಕ್ಲಿನಿಕ್ಕಿನಿಂದ ತಂದಿದ್ದರು.

"ಹಲ್ಲೆಲ್ಲಿ?" ಎಂದು ಹೆಂಡತಿ ಕೇಳಿದಳು. ಅವಳು ಅಪ್ಪನನ್ನು ಕರೆತರಲು ಬಸ್ಸಿಗೆ ಹೊರಟಿದ್ದಳು.

"ನನ್ನ ಹತ್ರ ಇದೆ. ಬಂದ ತಕ್ಷಣ ತಟ್ಟೆಯಲ್ಲಿಟ್ಟು ಕೊಡ್ತೀನಿ."

"ಕಾರಿನ ಕೆಲಸಕ್ಕೆ ನಾನೇನಾದ್ರೂ ಕೈ ಕೊಡಲಾ? ಬಸ್ಸಿಗೆ ಇನ್ನೂ ಅರ್ಧ ಗಂಟೆ ಇದೆ."

ಡಾಕ್ಟರು ದೊಡ್ಡ ಮನಸ್ಸಿನಿಂದ ನಕ್ಕರು. "ಬೇಡಮ್ಮ. ಇದು ಬೋಲ್ಟು ತಿರುಗಿಸೋ ಕೆಲಸ ಅಲ್ಲ. ನಾಜೂಕು ಕೈಯ ಕೆಲಸ."

ಅವಳು ಅವರ ಕೈಯನ್ನು ಒಮ್ಮೆ, ತನ್ನ ಕೈಯನ್ನು ಒಮ್ಮೆ ನೋಡಿ ಚಪ್ಪಲಿ ಮೆಟ್ಟಿದಳು.

ಗೂಳಿಗೆಂದು ಡಾಕ್ಟರು ತರಿಸಿದ್ದ ಕಾರ್ಬನ್ ಫೈಬರ್ ಟ್ರಿಮ್ಮು ದೊಡ್ಡ ಪೆಟ್ಟಿಗೆಯಲ್ಲಿ ಬಂದಿತ್ತು. ಎಂಜಿನ್ ಕೂತಿರುವ ಕೋಣೆಯ ಹಳೆಯ ಕಬ್ಬಿಣದ ಅಂಚುಗಳನ್ನೆಲ್ಲ ಮುಚ್ಚಿ ಅಂದ ಕೊಡುವ ಐದು ಹೊದಿಕೆಗಳು. ಕಪ್ಪೆಂದರೆ ಕಪ್ಪು, ಒಳಗೆ ನವಿರಾದ ನೇಯ್ಗೆ, ಮೇಲೆ ಕೆರೆಯ ನೀರಿನ ಹೊಳಪು. ಕೈಗೆತ್ತಿಕೊಂಡರೆ ಏನೂ ಎತ್ತಿಕೊಂಡಂತೆ ಇಲ್ಲ, ಬಗ್ಗಿಸಲು ಹೋದರೆ ನಾವೇ ಬಗ್ಗಬೇಕು. ಡಾಕ್ಟರು ಬಿಳಿ ಕೋಟು ಹಾಕಿಕೊಂಡರು, ಹಣೆಗೆ ದೀಪ ಕಟ್ಟಿಕೊಂಡರು, ಕ್ಲಿನಿಕ್ಕಿನ ಸಲಕರಣೆಗಳನ್ನು ಟವೆಲ್ಲಿನ ಮೇಲೆ ಸಾಲಾಗಿ ಹರಡಿದರು. ಬಾನೆಟ್ ಎತ್ತಿ, ರೂಢಿಬಲದಿಂದ, "ಸ್ವಲ್ಪ ದೊಡ್ಡದಾಗಿ ತೆಗೀರಿ," ಎಂದರು.

ನಾಲ್ಕು ಹೊದಿಕೆಗಳು ಮಾತು ಕೇಳುವ ಮಕ್ಕಳಂತೆ ಕೂತವು. ಐದನೆಯದು ಮುಂದಿನದು, ರೇಡಿಯೇಟರಿನ ಮೇಲೆ ಅಡ್ಡ ಕೂರುವ ಉದ್ದನೆಯ ಪಟ್ಟಿ. ಅದರ ನಡುವೆ ಬಾನೆಟ್ಟನ್ನು ಹಿಡಿದುಕೊಳ್ಳುವ ಕೊಂಡಿ. ಮುಂದಿನ ಜಾಲರಿಯ ಮೇಲಿನ ಸಂದಿನಿಂದ ಬೆರಳು ತೂರಿಸಿ ಕೊಂಡಿಯ ನಾಲಿಗೆಯನ್ನು ಪಕ್ಕಕ್ಕೆ ಒತ್ತಿದರೆ ಬಾನೆಟ್ ತೆರೆಯುತ್ತದೆ. ಪೆಟ್ಟಿಗೆಯಲ್ಲಿದ್ದ ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರೆದಿತ್ತು: ಕೊಂಡಿಯ ಸುತ್ತ ಬೆಂಕಿಕಡ್ಡಿಯಷ್ಟು ಸಂದು ಬಿಡತಕ್ಕದ್ದು.

ಡಾಕ್ಟರು ಪಟ್ಟಿ ಕೂರಿಸಿ ನೋಡಿದರು. ಸಂದು ಬಿಟ್ಟಿತ್ತು. ಅದು ಅವರನ್ನೇ ನೋಡುತ್ತಿತ್ತು.

ಇಪ್ಪತ್ತೆರಡು ವರ್ಷಗಳಿಂದ ಅವರು ಹೊಟ್ಟೆಪಾಡಿಗೆ ಮಾಡುತ್ತಿದ್ದದ್ದು ಒಂದೇ ಯುದ್ಧ, ಸಂದುಗಳ ಮೇಲಿನ ಯುದ್ಧ. ಸಂದು ಬಿಟ್ಟರೆ ತಿಂದದ್ದು ಸಿಕ್ಕಿಕೊಳ್ಳುತ್ತದೆ, ಸಿಕ್ಕಿದ್ದು ಕೊಳೆಯುತ್ತದೆ, ಕೊಳೆತದ್ದು ಬೇರಿಗಿಳಿಯುತ್ತದೆ. ಇದನ್ನು ಅವರು ದಿನಕ್ಕೆ ಇಪ್ಪತ್ತು ಸಲ ಹೇಳುತ್ತಾರೆ. ಬಾಗಿಲ ಸಂದು, ಕಿಟಕಿಯ ಸಂದು, ಪುಸ್ತಕಗಳ ನಡುವಿನ ಸಂದು, ಒಂದನ್ನು ಕಂಡರೂ ಅವರ ಬೆರಳು ತುರಿಸುತ್ತದೆ. ಚೀಟಿ ಬರೆದವನು ಯಾರೋ ಕಾರಿನವನು, ಅವನಿಗೇನು ಗೊತ್ತು?

ಟವೆಲ್ಲಿನ ಮೇಲಿಂದ ಹಲ್ಲಿಗೆ ತುಂಬುವ ಲೇಪದ ಕೊಳವೆ ಎತ್ತಿಕೊಂಡರು. ಕೊಂಡಿಯ ಸುತ್ತಲೂ, ನಾಲಿಗೆಯ ಪಕ್ಕಕ್ಕೂ, ಎಳೆಯ ಮಗುವಿನ ಹಲ್ಲಿಗೆ ತುಂಬುವಷ್ಟು ಮಮತೆಯಿಂದ ತುಂಬಿದರು. ನೀಲಿ ದೀಪ ಹಿಡಿದು ಇಪ್ಪತ್ತು ಎಣಿಸಿದರು. ಲೇಪ ಕಲ್ಲಾಯಿತು. ಮೇಲೆ ಕಪ್ಪು ಬಣ್ಣ ಸವರಿದರು. ಸಂದಿತ್ತೆಂದು ಸಂದಿಗೂ ನೆನಪಿಲ್ಲದ ಹಾಗಾಯಿತು.

ಆಗ ಅವರಿಗೊಂದು ಆಸೆ ಹುಟ್ಟಿತು. ಜೇಬಿನಿಂದ ಮಾವನ ಹಲ್ಲಿನ ಸೆಟ್ಟು ತೆಗೆದು ಆ ಕಪ್ಪು ಪಟ್ಟಿಯ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದು ನೋಡಿದರು. ತಮ್ಮ ಕೈಯ ಎರಡು ಕೆಲಸಗಳು, ಒಂದರ ಮೇಲೊಂದು; ಕತ್ತಲ ಮಖಮಲ್ಲಿನ ಮೇಲೆ ಮಲಗಿದ ಮುತ್ತಿನ ಸರದಂತೆ. ಇದನ್ನು ನೋಡಿಯೂ "ಹೂಂ" ಎನ್ನುವ ಮನುಷ್ಯ ಮನುಷ್ಯನೇ ಅಲ್ಲ.

ಉಳಿದದ್ದು ಕಡಿತದ ಪರೀಕ್ಷೆ. ಹೊಸ ಹಲ್ಲು ಕೂರಿಸಿದಾಗ ಎಲ್ಲಾದರೂ ಎತ್ತರವಾಗಿದೆಯೇ ಎಂದು ತಿಳಿಯಲು ರೋಗಿಯ ಬಾಯಲ್ಲಿ ನೀಲಿ ಕಾಗದವಿಟ್ಟು ಕಚ್ಚಿಸುತ್ತಾರಲ್ಲ, ಹಾಗೆ. ಡಾಕ್ಟರು ಉದ್ದನೆಯ ನೀಲಿ ಕಾಗದವೊಂದನ್ನು ಪಟ್ಟಿಯ ಮೇಲೆ ಹಾಸಿ, "ನಿಧಾನಕ್ಕೆ ಕಚ್ಚಿ," ಎನ್ನುತ್ತ ಬಾನೆಟ್ ಇಳಿಸಿದರು.

ಟಿಕ್.

ಎಂಥ ಸದ್ದು ಅದು. ಕವಿಗೆ ಕೊನೆಯ ಸಾಲು ಹೊಳೆದಾಗ ಎದೆಯಲ್ಲಾಗುವ ಸದ್ದು. ಡಾಕ್ಟರು ಕಣ್ಣು ಮುಚ್ಚಿ ಅದನ್ನು ಪೂರ್ತಿ ಅನುಭವಿಸಿ, ಕಣ್ಣು ತೆರೆದು, "ಹಾಂ, ಈಗ ತೆಗೀರಿ," ಎಂದರು. ಜಾಲರಿಯ ಮೇಲಿಂದ ಬೆರಳು ತೂರಿಸಿ ಕೊಂಡಿಯ ನಾಲಿಗೆ ಒತ್ತಿದರು. ನಾಲಿಗೆ ಅಲ್ಲಾಡಲಿಲ್ಲ. ಅಲ್ಲಾಡಲು ಅದಕ್ಕೆ ಜಾಗವಿರಲಿಲ್ಲ. ಜಾಗವಿದ್ದದ್ದು ಬೆಂಕಿಕಡ್ಡಿಯಷ್ಟು, ಅದನ್ನೂ ಒಬ್ಬರು ತುಂಬಿಬಿಟ್ಟಿದ್ದರು.

ಇನ್ನೊಮ್ಮೆ ಒತ್ತಿದರು. ಬೆರಳಿನ ಉಗುರು ಹೋಯಿತು. ಎರಡೂ ಕೈಯಿಂದ ಬಾನೆಟ್ಟಿನ ಅಂಚು ಹಿಡಿದು ಎಳೆದರು. ಬೆನ್ನಿನಲ್ಲಿ ಏನೋ ಟಿಕ್ ಎಂದಿತು, ಬಾನೆಟ್ಟಿನಲ್ಲಿ ಅನ್ನಲಿಲ್ಲ. ಕಾರಿನ ಮುಚ್ಚಿದ ಬಾಯಿಂದ ನೀಲಿ ಕಾಗದದ ತುದಿ ಮಾತ್ರ ಹೊರಗಿಣುಕಿ ಅಣಕಿಸುತ್ತಿತ್ತು.

"ಪರವಾಗಿಲ್ಲ," ಎಂದು ಡಾಕ್ಟರು ತಮಗೆ ತಾವೇ ಹೇಳಿಕೊಂಡರು. "ಅವಸರ ಏನಿದೆ? ಮೊದಲು ಹಲ್ಲಿಗೆ ಪಾಲಿಷ್ ಮಾಡೋಣ." ಎಂದು ಕೋಟಿನ ಜೇಬಿಗೆ ಕೈ ಹಾಕಿದರು.

ಕೈ ಜೇಬಿನಲ್ಲೇ ನಿಂತಿತು. ಬಹಳ ಹೊತ್ತು ನಿಂತಿತು.

ಬಾಯೊಳಗೆ ನೋಡುವ ಪುಟ್ಟ ಕನ್ನಡಿಯನ್ನು ಜಾಲರಿಯಿಂದ ಒಳಗೆ ಇಳಿಬಿಟ್ಟು, ಹಣೆಯ ದೀಪ ಹೊತ್ತಿಸಿ, ನೆಲಕ್ಕೆ ಮೊಣಕಾಲೂರಿ ನೋಡಿದರು. ಕಪ್ಪು. ಇನ್ನಷ್ಟು ಕಪ್ಪು. ಕನ್ನಡಿ ತಿರುಗಿಸಿದರು. ಕತ್ತಲಲ್ಲಿ ಮಾವ ನಗುತ್ತಿದ್ದರು. ಮಾವ ಇಲ್ಲ, ನಗು ಮಾತ್ರ. ಸಾವಿರಾರು ಬಾಯಿಗಳಲ್ಲಿ ಅವರು ಹಲ್ಲು ಹುಡುಕಿದ್ದುಂಟು. ಹಲ್ಲೇ ತಮ್ಮನ್ನು ಹೀಗೆ ಎದುರುಗೊಂಡದ್ದು ಇದೇ ಮೊದಲು.

ಹಲ್ಲು ಸರಿಮಾಡುವ ತಂತಿಯೊಂದನ್ನು ಕೊಕ್ಕೆ ಮಾಡಿ ಒಳಗೆ ಬಿಟ್ಟರು. ಅಡ್ಡ ತಿರುಗಿಸಿ ಮುಂದಕ್ಕೆಳೆದುಕೊಂಡರೆ ಮೇಲಿನ ಸಂದಿನಿಂದ ಜಾರಿಸಿ ತೆಗೆಯಬಹುದು ಎಂದು ಲೆಕ್ಕ. ಕೊಕ್ಕೆ ಸಿಕ್ಕಿತು. ಉಸಿರು ಬಿಗಿಹಿಡಿದು ಎಳೆದರು. ಸೆಟ್ಟು ಆ ನುಣುಪಿನ ಮೇಲೆ ತಿರುಗಿ, ಮುಂದಕ್ಕೆ ಬರುವ ಬದಲು ಹಿಂದಕ್ಕೆ ಜಾರಿ, ಟಕ್ ಎಂದು ಎಲ್ಲೋ ಬಿತ್ತು. ಕನ್ನಡಿ ಇಳಿಸಿ ನೋಡಿದರೆ ರೇಡಿಯೇಟರಿನ ಹಿಂದೆ ಫ್ಯಾನಿನ ಎರಡು ರೆಕ್ಕೆಗಳ ನಡುವೆ ಕೂತು ಈಗಲೂ ನಗುತ್ತಿತ್ತು. ಈಗ ಯಾರಾದರೂ ಎಂಜಿನ್ ಸ್ಟಾರ್ಟ್ ಮಾಡಿದರೆ ಆ ನಗು ನೂರು ಚೂರು.

ಎದುರು ಮನೆಯಲ್ಲಿ ಬೀಗ ರಿಪೇರಿಯವನಿದ್ದ. ಡಾಕ್ಟರು ರಸ್ತೆ ದಾಟಿ ಓಡಿ ಕರೆತಂದರು. ಅವನು ಹತ್ತು ನಿಮಿಷ ಕಾರಿನ ಸುತ್ತ ಓಡಾಡಿ, ಸಂದಿಗೆ ಟಾರ್ಚು ಬಿಟ್ಟು, ಎದ್ದು ನಿಂತ.

"ಬೀಗ ಇದ್ರೆ ತೆಗೀತೀನಿ ಡಾಕ್ಟ್ರೇ. ಇಲ್ಲಿ ಬೀಗ ಇಲ್ಲ, ಬರೀ ಹಟ ಇದೆ. ಸಂದಿಗೆ ಏನ್ ತುಂಬಿದೀರಿ?"

"ಹಲ್ಲಿಗೆ ತುಂಬೋದು."

"ಹೋದ ವರ್ಷ ನನ್ನ ದವಡೆಗೆ ಹಾಕಿದ್ರಲ್ಲ, ಅದೇನಾ?"

"ಅದೇ."

ಬೀಗದವನು ಟಾರ್ಚು ಆರಿಸಿ ಜೇಬಿಗಿಟ್ಟ. "ಹಾಗಾದ್ರೆ ಬಿಡಿ. ಅದು ನಾನು ಸತ್ತ ಮೇಲೂ ಇರುತ್ತೆ ಅಂತ ನೀವೇ ಹೇಳಿದ್ರಿ. ಜಾಲರಿ ಕತ್ತರಿಸಿದ್ರೆ ಮಾತ್ರ ಆಗೋ ಕೆಲಸ ಇದು."

ಜಾಲರಿಯನ್ನು ಮಾವ ಒಂದೊಂದು ಪಟ್ಟಿಯಾಗಿ ಕೈಯಿಂದ ನೆಟ್ಟಗೆ ಮಾಡಿ ಕೂರಿಸಿದ್ದರು, ಮೂರು ತಿಂಗಳ ಕೆಲಸ. ಅದನ್ನು ಕತ್ತರಿಸುವುದೆಂದರೆ ತಮ್ಮ ಕುತ್ತಿಗೆಯನ್ನೇ ಮುಂದೆ ಚಾಚಿದಂತೆ. ಡಾಕ್ಟರು ಬೀಗದವನನ್ನು ಕಳಿಸಿ ಗೇಟು ಮುಚ್ಚಿ ಬರುವಷ್ಟರಲ್ಲಿ ಅದೇ ಗೇಟು ಮತ್ತೆ ತೆರೆಯಿತು. ಆರು ಗಂಟೆ. ಹೆಂಡತಿ, ಅವಳ ಹಿಂದೆ ಮಾವ.

ಮಾವ ಮೂರು ದಿನದಿಂದ ಸೂಪು ಕುಡಿದು ಸೊರಗಿದ್ದರು. ಮೇಲಿನ ಹಲ್ಲಿಲ್ಲದ ಬಾಯಿ ಒಳಗೆ ಮಡಿಚಿಕೊಂಡು ಮುಖ ಚಿಕ್ಕದಾಗಿತ್ತು. ಮಾತೂ ನೆಟ್ಟಗೆ ಹೊರಡದೆ, ಮೊದಲೇ ಕಡಿಮೆ ಇದ್ದದ್ದು ಈಗ ಸನ್ನೆಗೆ ಇಳಿದಿತ್ತು. ಒಂದು ಕೈಯಲ್ಲಿ ಭಾಷಣದ ಮೂರು ಪುಟ, ಇನ್ನೊಂದರಲ್ಲಿ ಒಂದು ಕೆಂಪು ಸೇಬು. ಹಲ್ಲು ಬಂದ ಕ್ಷಣವೇ ಕಡಿಯಬೇಕೆಂದು ದಾರಿಯುದ್ದಕ್ಕೂ ಹಿಡಿದುಕೊಂಡು ಬಂದದ್ದು. ಅವರು ಸೇಬನ್ನು ಮೇಲೆತ್ತಿ, ಅಳಿಯನ ಕಡೆ ಹುಬ್ಬು ಹಾರಿಸಿದರು.

"ಹಲ್ಲು, ಅಲ್ವಾ ಮಾವ? ಹಲ್ಲು ಕ್ಲಿನಿಕ್ಕಿನಲ್ಲಿದೆ. ಪಾಲಿಷ್‌ಗೆ ಹಾಕಿದೀನಿ."

"ನಿಮ್ಮ ಹತ್ರಾನೇ ಇದೆ ಅಂದ್ರಲ್ಲ?" ಎಂದಳು ಹೆಂಡತಿ.

"ಇತ್ತು. ಆಮೇಲೆ ಅನ್ನಿಸ್ತು, ಒಳ್ಳೆ ಪಾಲಿಷ್ ಆಗಲಿ ಅಂತ."

ಮಾವ ಸೇಬನ್ನು ನಿಧಾನವಾಗಿ ಕೆಳಗಿಳಿಸಿದರು. ಗೂಳಿಯ ಹತ್ತಿರ ಹೋಗಿ, ಮುಚ್ಚಿದ ಬಾನೆಟ್ಟಿನ ಮೇಲೆ ಬೆರಳಿಂದ ಎರಡು ಸಲ ಬಡಿದು, ಮತ್ತೆ ಹುಬ್ಬು ಹಾರಿಸಿದರು.

"ಅದು ಒಳಗೆ ಅಂಟು ಒಣಗ್ತಾ ಇದೆ ಮಾವ. ನಾಳೆ ಬೆಳಗ್ಗೆವರೆಗೆ ತೆಗೆಯೋ ಹಾಗಿಲ್ಲ. ಗಾಳಿ ತಾಗಬಾರದು."

ಮಾವ ಇಣುಕುತ್ತಿದ್ದ ನೀಲಿ ಕಾಗದವನ್ನು ನೋಡಿದರು. ಅಳಿಯನ ಉಗುರಿಲ್ಲದ ಬೆರಳನ್ನು ನೋಡಿದರು. ಏನೂ ಹೇಳಲಿಲ್ಲ. ಅಂದರೆ, ಅವರ ನಿಘಂಟಿನ ಪ್ರಕಾರ, ಹೇಳಿಯಾಗಿತ್ತು.

ಹೆಂಡತಿಗೆ ಮಾತ್ರ ಅಪ್ಪನ ಕೈಯಲ್ಲಿದ್ದ ಸೇಬನ್ನು ನೋಡಲಾಗಲಿಲ್ಲ. "ಕ್ಲಿನಿಕ್ಕು ಹತ್ತು ನಿಮಿಷದ ದಾರಿ. ಅಪ್ಪ ಹಸಿದಿದಾರೆ. ಗೂಳಿಯಲ್ಲೇ ಹೋಗಿ ತಂದ್ಬಿಡ್ತೀನಿ," ಎಂದವಳೇ ಗೋಡೆಯ ಮೊಳೆಯಿಂದ ಬೀಗದಕೈ ತೆಗೆದುಕೊಂಡು ಕಾರಿನೊಳಗೆ ಕೂತಳು.

"ಬೇಡ, ನಾನೇ ನಡ್ಕೊಂಡು ಹೋಗಿ ತರ್ತೀನಿ."

"ನಡ್ಕೊಂಡಾ? ಬಸ್ ಸ್ಟಾಪಿಗೆ ನಡೆಯೋಕೆ ಆಟೋ ಕೇಳೋರು ನೀವು."

"ಪೆಟ್ರೋಲ್ ಇಲ್ಲ."

"ಮುಳ್ಳು ಅರ್ಧಕ್ಕಿಂತ ಮೇಲಿದೆ."

"ಮುಳ್ಳು ಸುಳ್ಳು ಹೇಳುತ್ತೆ."

"ಮುಳ್ಳಾ?" ಎಂದಳು ಅವಳು, ಬೀಗದಕೈಯನ್ನು ತೂರಿಸಿ.

ಬಿಳಿ ಕೋಟು ಹಾರಿತು. ಐವತ್ತರ ಅಂಚಿನ, ಎಂಬತ್ತೆಂಟು ಕಿಲೋ ತೂಕದ, ಸಮಾಜದಲ್ಲಿ ಗೌರವವುಳ್ಳ ಹಲ್ಲಿನ ಡಾಕ್ಟರೊಬ್ಬರು ಗೂಳಿಯ ಮೂತಿಯ ಮೇಲೆ ಬೋರಲು ಬಿದ್ದು, ಎರಡೂ ಕೈ ಚಾಚಿ ಗಾಜನ್ನು ತಬ್ಬಿಕೊಂಡು, "ಸ್ಟಾರ್ಟ್ ಮಾಡಬೇಡ, ನಿಮ್ಮಪ್ಪ ಫ್ಯಾನಿನ ಹತ್ರ ಇದಾರೆ," ಎಂದು ಕೂಗಿದರು.

ಗಾಜಿನ ಆಚೆ ಹೆಂಡತಿ. ಈಚೆ ಅವರ ಚಪ್ಪಟೆಯಾದ ಮೂಗು. ಪಕ್ಕದಲ್ಲಿ, ಫ್ಯಾನಿನ ಹತ್ತಿರ ಇಲ್ಲದ ಮಾವ.

"ನಮ್ಮಪ್ಪ ನಿಮ್ಮ ಪಕ್ಕದಲ್ಲಿದಾರೆ," ಎಂದಳು ಅವಳು ನಿಧಾನವಾಗಿ, ತರಗತಿಯಲ್ಲಿ ಕೊನೆಯ ಬೆಂಚಿನವರಿಗೆ ಹೇಳುವ ಹಾಗೆ. "ಫ್ಯಾನಿನ ಹತ್ರ ಇರೋದು ಏನು?"

ಡಾಕ್ಟರು ಮೂತಿಯ ಮೇಲೆ ಮಲಗಿದಂತೆಯೇ ಎಲ್ಲವನ್ನೂ ಒಪ್ಪಿಕೊಂಡರು. ಸಂದು, ಲೇಪ, ನೀಲಿ ದೀಪ, ಮುತ್ತಿನ ಸರ, ಟಿಕ್, ಟಕ್. ಒಪ್ಪಿಕೊಳ್ಳುತ್ತ ಹೋದಂತೆ ಬಾನೆಟ್ಟಿನ ತಣ್ಣನೆಯ ತಗಡು ಕೆನ್ನೆಗೆ ಹಿತವಾಗಿತ್ತು. ಎದ್ದು ಮುಖ ತೋರಿಸುವುದಕ್ಕಿಂತ ಅದೇ ವಾಸಿ ಎನಿಸಿತು. ಹೆಂಡತಿ ಸ್ಟಿಯರಿಂಗಿನ ಮೇಲೆ ಹಣೆಯಿಟ್ಟಳು. ಅಳುತ್ತಿದ್ದಾಳೆಂದು ಅವರು ಗಾಬರಿಯಾಗಿ ತಲೆಯೆತ್ತಿದರೆ ಅವಳ ಭುಜಗಳು ಕುಣಿಯುತ್ತಿದ್ದವು. ನಕ್ಕು ನಕ್ಕು ಅವಳ ಹಣೆ ಹಾರ್ನಿಗೆ ತಾಗಿ ಗೂಳಿಯೂ ಒಮ್ಮೆ ದೊಡ್ಡದಾಗಿ ನಕ್ಕಿತು.

ಮಾವ ನಗಲಿಲ್ಲ. ಮೂಲೆಯಿಂದ ಸ್ಟೂಲು ಎಳೆದುಕೊಂಡು ಕಾರಿನ ಮುಂದೆ ಕೂತರು. ಮಗಳ ಕಡೆ ತಿರುಗಿ ಎರಡು ಅಂಗೈಗಳನ್ನು ಬಿಚ್ಚಿ ಹಿಡಿದರು. ಹತ್ತು ಬೆರಳು.

ಹತ್ತು ನಂಬರಿನ ಸ್ಪ್ಯಾನರು.

ಅವಳ ನಗು ನಿಂತಿತು. ಗ್ಯಾರೇಜಿನಲ್ಲಿ ಅಪ್ಪ ಹೀಗೆ ಬೆರಳು ತೋರಿಸುತ್ತಿರಲಿಲ್ಲ. ಸುತ್ತಿಗೆಗಳ ಗದ್ದಲದಲ್ಲಿ ಮಾತು ಕೇಳಿಸದೆಂದು ಸಿಳ್ಳೆ ಹಾಕುತ್ತಿದ್ದರು. ಉದ್ದ ಒಂದು, ಗಿಡ್ಡ ಎರಡು ಎಂದರೆ ಹತ್ತು ನಂಬರು. ಬರೀ ಗಿಡ್ಡ ಮೂರು ಎಂದರೆ ಹನ್ನೆರಡು. ನೀಳವಾದ, ಕೊನೆಗೆ ಮೇಲೇರುವ ಸಿಳ್ಳೆ ಎಂದರೆ ಮಗಳು ಬೇಕು. ಗ್ಯಾರೇಜಿನ ಬೀದಿಯವರಿಗೆಲ್ಲ ಆ ಸಿಳ್ಳೆ ಗೊತ್ತಿತ್ತು. ಕೆಲಸ ಬಿಟ್ಟ ವರ್ಷ ಅದೂ ನಿಂತುಹೋಯಿತು. ವಯಸ್ಸಾಯಿತು, ಇನ್ನು ಯಾರನ್ನು ಕರೆಯಬೇಕು, ಅದಕ್ಕೇ ಬಿಟ್ಟರು ಎಂದು ಎಲ್ಲರೂ ಅಂದುಕೊಂಡಿದ್ದರು.

ಅವಳು ಕಾರಿನಿಂದಿಳಿದು, ಕೈಗಡಿಯಾರ ಬಿಚ್ಚಿ, ಮೂತಿಯಿಂದ ಕೆಳಗಿಳಿದ ಗಂಡನ ಕೈಗೆ ಕೊಟ್ಟಳು. ಉಂಗುರ ಬಿಚ್ಚಿ ಅದನ್ನೂ ಕೊಟ್ಟಳು. ಸ್ಪ್ಯಾನರು ತೆಗೆದುಕೊಂಡು, ನೆಲಕ್ಕೆ ಹಳೆಯ ಚಾದರ ಹಾಸಿ, ಗೂಳಿಯ ಮೂತಿಯ ಕೆಳಗೆ ಬೆನ್ನ ಮೇಲೆ ಜಾರಿಕೊಂಡು ಹೋದಳು. ಬಂಪರಿನ ಹಿಂದಿನ ಕಿರಿದಾದ ಜಾಗದಲ್ಲಿ ಅವಳ ಕೈ ಮೇಲೇರಿತು, ಮಣಿಕಟ್ಟು ತಿರುಗಿತು, ಕಣ್ಣಿಗೆ ಕಾಣದಾಯಿತು.

"ನೀನೇನು ಮಾಡ್ತಿದೀಯ?" ಎಂದರು ಡಾಕ್ಟರು.

"ಕೊಂಡಿ ತೆಗೆಯೋಕೆ ಆಗಲ್ಲ ಅಂದ್ರೆ ಕೊಂಡಿ ಹಿಡಿದಿರೋ ಬೋಲ್ಟು ತೆಗೀಬೇಕು," ಎಂದಿತು ಕಾರಿನ ಕೆಳಗಿನ ದನಿ. "ಎರಡಿವೆ. ಅಪ್ಪನ ಕೈ ದಪ್ಪ, ಇಲ್ಲಿ ಹಿಡಿಸಲ್ಲ. ಎಂಟು ವರ್ಷದವಳಿದ್ದಾಗ ನಾನೇ ಹಾಕಿದ್ದು."

"ಗೊತ್ತಿದ್ರೆ ಮಧ್ಯಾಹ್ನವೇ ಹೇಳಬಾರದಿತ್ತಾ?"

"ಹೇಳೋಕೆ ನಾನೆಲ್ಲಿದ್ದೆ? ಬೋಲ್ಟು ತಿರುಗಿಸೋರೆಲ್ಲ ಬಸ್ಸಿಗೆ ಹೋಗಿದ್ವಿ."

ಒಂದು ಬೋಲ್ಟು ನೆಲಕ್ಕೆ ಬಿತ್ತು. ಇನ್ನೊಂದು ಬಿತ್ತು. ಮಾವ ಎದ್ದು ಬಾನೆಟ್ಟಿಗೆ ಎರಡು ಬೆರಳು ಕೊಟ್ಟರು. ಅದು, ಕೊಂಡಿಯನ್ನೂ ಕೊಂಡಿಗೆ ಕಚ್ಚಿಕೊಂಡಿದ್ದ ಕಪ್ಪು ಪಟ್ಟಿಯನ್ನೂ ಒಟ್ಟಿಗೆ ಎತ್ತಿಕೊಂಡು, ಆಕಳಿಸುವ ಹಾಗೆ ತೆರೆದುಕೊಂಡಿತು.

ಸಂಜೆಯ ಬೆಳಕು ಒಳಗೆ ಇಳಿಯಿತು. ಉಳಿದ ನಾಲ್ಕು ಹೊದಿಕೆಗಳು ಅವುಗಳ ಪಾಡಿಗೆ ಹೊಳೆಯುತ್ತಿದ್ದವು. ನಡುವೆ ಮಾವ ಕಟ್ಟಿದ ಎಂಜಿನ್ನು. ಚೆನ್ನಾಗಿಯೇ ಇತ್ತು. ನಿಜವಾಗಿ ಚೆನ್ನಾಗಿತ್ತು. ಡಾಕ್ಟರು ಅಷ್ಟೆಲ್ಲ ಆದ ಮೇಲೂ ಕಣ್ಣ ಕೊನೆಯಿಂದ ಮಾವನ ಮುಖವನ್ನೇ ನೋಡುತ್ತಿದ್ದರು. ಮಾವ ಬಗ್ಗಿ ಎಡಕ್ಕೆ ನೋಡಿದರು. ಬಲಕ್ಕೆ ನೋಡಿದರು. ಬೆರಳಿಂದ ಹೊಳಪನ್ನು ಒಮ್ಮೆ ಸವರಿದರು.

"ಹೂಂ."

ಐದನೆಯದು.

ಆಮೇಲೆ ಫ್ಯಾನಿನ ರೆಕ್ಕೆಗಳ ನಡುವೆ ಕೈಯಿಳಿಸಿ ತಮ್ಮ ಹಲ್ಲನ್ನು ಎತ್ತಿಕೊಂಡರು. ಡಾಕ್ಟರ ಜೀವ ಬಾಯಿಗೆ ಬಂತು. ಬಿದ್ದ ಪೆಟ್ಟಿಗೆ ಮುಂದಿನ ಎರಡು ಹಲ್ಲುಗಳು ಸೇರುವ ಕಡೆ ಒಂದು ಮೂಲೆ ಮುರಿದು, ಅಲ್ಲೊಂದು ಸಂದು ಬಿಟ್ಟಿತ್ತು. ದೊಡ್ಡದೇನಲ್ಲ. ಬೆಂಕಿಕಡ್ಡಿಯಷ್ಟು.

"ಮಾವ, ಕೊಡಿ, ಹಾಕ್ಕೋಬೇಡಿ. ಐದೇ ನಿಮಿಷ. ಲೇಪ ಇಲ್ಲೇ ಇದೆ, ದೀಪ ಇಲ್ಲೇ ಇದೆ."

ಮಾವ ಕೇಳಿಸಿಕೊಳ್ಳಲಿಲ್ಲ. ನಲ್ಲಿಯ ಕೆಳಗೆ ಹಿಡಿದು ತೊಳೆದರು, ಬಾಯಿಗಿಟ್ಟು ಹೆಬ್ಬೆರಳಿಂದ ಒತ್ತಿದರು. ಸೇಬನ್ನು ಒಂದು ಸಲ ದೊಡ್ಡದಾಗಿ ಕಡಿದು, ಅಗಿದು, ನುಂಗಿದರು. ಕಾರಿನ ಕೆಳಗಿದ್ದ ಮಗಳು ಬೋಲ್ಟು ಹುಡುಕುತ್ತಿದ್ದಳು. ಅವಳಿಗೆ ಏನೋ ಹೇಳಲೆಂದು ಮಾವ ಬಾಯಿ ತೆರೆದರು. ಮಾತಿಗೆ ಮುಂಚೆ ಉಸಿರು ಆ ಹೊಸ ಸಂದಿನಿಂದ ನುಸುಳಿ, ತೆಳ್ಳಗೆ, ನೀಳವಾಗಿ, ಸಿಳ್ಳೆಯಾಗಿ ಹೊರಬಂತು.

ಮಾವ ಬೆಚ್ಚಿದರು. ಕಾರಿನ ಕೆಳಗೆ ಕೈಗಳ ಸದ್ದು ನಿಂತಿತು.

ಮಾವ ತುಟಿ ಒದ್ದೆ ಮಾಡಿಕೊಂಡರು. ಉದ್ದ ಒಂದು. ಗಿಡ್ಡ ಎರಡು.

ಕಾರಿನ ಕೆಳಗಿಂದ ಗ್ರೀಸು ಮೆತ್ತಿದ ಕೈಯೊಂದು ಹೊರಬಂತು. ಅದರಲ್ಲಿ ಹತ್ತು ನಂಬರಿನ ಸ್ಪ್ಯಾನರಿತ್ತು.

ಮಾವ ಸ್ಪ್ಯಾನರು ತೆಗೆದುಕೊಳ್ಳಲಿಲ್ಲ, ಆ ಕೈಯನ್ನೇ ಹಿಡಿದುಕೊಂಡರು. ಒಂಬತ್ತು ವರ್ಷ. ನೂಲೂ ತೂರದ ಆ ಸಿಪಾಯಿಗಳ ಹಿಂದೆ ಒಂಬತ್ತು ವರ್ಷ ಸಿಳ್ಳೆ ಸೆರೆಯಲ್ಲಿತ್ತು. ಅಳಿಯ ಅಷ್ಟು ಹೆಮ್ಮೆಯಿಂದ ಮಾಡಿಕೊಟ್ಟದ್ದನ್ನು ಬೇಡವೆನ್ನುವುದು ಹೇಗೆಂದು ಮಾವ ಒಂದು ದಿನವೂ ಅದನ್ನು ಹೇಳಿರಲಿಲ್ಲ. ಈಗ ಅವರು ನಾಲಿಗೆಯ ತುದಿಯಿಂದ ಮುರಿದ ಮೂಲೆಯನ್ನು ಮುಟ್ಟಿ ನೋಡಿ, ಅಳಿಯನ ಕಡೆ ತಿರುಗಿದರು.

"ಪರವಾಗಿಲ್ಲ," ಎಂದರು.

ಹದಿನೆಂಟು ವರ್ಷ ಕಾದ ಮಾತು. ಡಾಕ್ಟರ ಕಣ್ಣು ತುಂಬಿ ಬಂತು. ಅಲ್ಲಿಗೆ ಸುಮ್ಮನಿದ್ದಿದ್ದರೆ ಎಷ್ಟು ಚೆನ್ನಾಗಿತ್ತು. ಆದರೆ ಅವರ ಕೈ ತಾನಾಗಿಯೇ ಟವೆಲ್ಲಿನ ಕಡೆ ಹೋಗಿ ನೀಲಿ ದೀಪ ಎತ್ತಿಕೊಂಡಿತ್ತು.

"ಆದ್ರೂ ಮಾವ, ಆ ಮೂಲೆ ಒಂದು ಮುಚ್ಚಿಬಿಟ್ರೆ..."

ಕಾರಿನ ಕೆಳಗಿಂದ ಹೆಂಡತಿಯ ಇನ್ನೊಂದು ಕೈ ಹೊರಬಂದು, ದೀಪವನ್ನು ಅವರ ಕೈಯಿಂದ ತೆಗೆದುಕೊಂಡು, ಮತ್ತೆ ಒಳಗೆ ಹೋಯಿತು.

ಭಾನುವಾರ ಬೆಳಗ್ಗೆ ಗೂಳಿಯನ್ನು ಓಡಿಸಿದ್ದು ಹೆಂಡತಿ. ಡಾಕ್ಟರು ಹಿಂದಿನ ಸೀಟಿನಲ್ಲಿ, ಸಂದು ಬಿಡಿಸಿ ಮತ್ತೆ ಕೂರಿಸಿದ ಟ್ರಿಮ್ಮಿನ ಬಗ್ಗೆ ನಾಲ್ಕು ಜನ ಕೇಳಿದರೆ ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದರು. ಸಭಾಂಗಣದಲ್ಲಿ ಮಾವ ವೇದಿಕೆ ಹತ್ತಿ, ಮೂರು ಪುಟಗಳನ್ನು ಮಡಚಿ ಜೇಬಿಗಿಟ್ಟು, ಮೈಕಿನ ಮುಂದೆ ಒಂದೇ ಒಂದು ಸಿಳ್ಳೆ ಹಾಕಿದರು. ಉದ್ದ ಒಂದು, ಗಿಡ್ಡ ಎರಡು. ಅರವತ್ತು ಜನ ಮುದಿ ಮೆಕ್ಯಾನಿಕ್ಕುಗಳ ಬಲಗೈಗಳು ತಮಗರಿವಿಲ್ಲದೆ ಪ್ಯಾಂಟಿನ ಹಿಂದಿನ ಜೇಬಿಗೆ ಹೋದವು. ಆಮೇಲೆ ಎದ್ದ ಚಪ್ಪಾಳೆ ಚಹಾದ ಹೊತ್ತಿನವರೆಗೂ ನಿಲ್ಲಲಿಲ್ಲ.

ಹಲ್ಲು ಕಾರಿನೊಳಗೆ ಬಿದ್ದು ಸಿಳ್ಳೆ ವಾಪಸು ಬಂದ ಕತೆ ಚಹಾದ ಜೊತೆಗೆ ಹೆಂಡತಿಯ ಬಾಯಿಂದ ಎಲ್ಲರಿಗೂ ತಲುಪಿತು. ಬಾನೆಟ್ ಎತ್ತಿ ತೋರಿಸಿ ಎಂದು ಮಾತ್ರ ಯಾರೂ ಕೇಳಲಿಲ್ಲ. ಆದರೆ ಸಭೆ ಮುಗಿದು ಡಾಕ್ಟರು ಹೊರಗೆ ಬಂದಾಗ ಹನ್ನೊಂದು ಮಂದಿ ಮುದಿ ಮೆಕ್ಯಾನಿಕ್ಕುಗಳು ಸಾಲಾಗಿ ನಿಂತಿದ್ದರು. ಎಲ್ಲರೂ ಅವರ ಹಳೆಯ ರೋಗಿಗಳೇ, ಎಲ್ಲರ ಬಾಯಲ್ಲೂ ಅವರೇ ಮಾಡಿಕೊಟ್ಟ ಸಂದಿಲ್ಲದ ಸೆಟ್ಟುಗಳೇ. ಮೊದಲನೆಯವನು ತನ್ನದನ್ನು ಕರವಸ್ತ್ರದಲ್ಲಿ ಸುತ್ತಿ ಅವರ ಕೈಗಿಟ್ಟು, ವಿನಯದಿಂದ ಹೇಳಿದ:

"ಡಾಕ್ಟ್ರೇ, ಇದನ್ನೂ ಒಂದ್ಸಲ ಆ ಕಾರಿನೊಳಗೆ ಬೀಳಿಸಿ ಕೊಡಿ."